ಅತ್ತ ದರಿ, ಇತ್ತ ಪುಲಿ

‘ಅತ್ತ ದರಿ, ಇತ್ತ ಪುಲಿ’ ಎಂಬ ಮಾತು ನಮ್ಮಲ್ಲಿ ಬಹು ಹಳೆಯದು. ಎರಡು ಆಪತ್ತುಗಳ ನಡುವೆ ಸಿಕ್ಕಿಬಿದ್ದ ಮನುಷ್ಯನ ಪಾಡನ್ನು ಹೇಳಲು ಇದನ್ನು ಬಳಸುತ್ತ ಬಂದಿದ್ದೇವೆ. ಕಣ್ಣಿಗೆ ಕಾಣದ ರೋಗಾಣುವನ್ನು ಇಂಥದೇ ಇಕ್ಕಟ್ಟಿಗೆ ತಂದು ನಿಲ್ಲಿಸಲು ಇಂದಿನ ವೈದ್ಯವಿಜ್ಞಾನ ಯತ್ನಿಸುತ್ತಿದೆ ಎಂದರೆ ಓದುಗರಿಗೆ ಸೋಜಿಗವೆನಿಸಬಹುದು. ಒಂದು ಕಡೆ ಪೆನಿಸಿಲಿನ್ ಮೊದಲಾದ ಪ್ರತಿಜೈವಿಕ ಔಷಧಗಳು, ಅಂದರೆ ಇಂದು ಎಲ್ಲರ ಬಾಯಲ್ಲಿಯೂ ಇರುವ ಆಂಟಿಬಯೋಟಿಕ್‌ಗಳು, ಅವು ದರಿ. ಇನ್ನೊಂದು ಕಡೆ ರೋಗಾಣುವನ್ನೇ ಆಹಾರ ಮಾಡಿಕೊಂಡು ಬೆಳೆಯುವ ಒಂದು ವೈರಸ್, ಅದು ಹುಲಿ. ಎರಡೂ ಕಳೆದ ಶತಮಾನದ ಪೂರ್ವಾರ್ಧದಲ್ಲಿಯೇ ಮನುಷ್ಯನ ಕೈಗೆ ಬಂದವು. ಆದರೆ ಒಂದನ್ನು ಹಿಡಿದವರು ಮತ್ತೊಂದನ್ನು ಕೈಬಿಟ್ಟರು. ಎರಡನ್ನೂ ಒಟ್ಟಿಗೆ ಹಿಡಿಯಬೇಕೆಂಬ ಬುದ್ಧಿ ನೆಲೆಗೊಳ್ಳಲು ಅರುವತ್ತು ಎಪ್ಪತ್ತು ವರ್ಷಗಳು ಬೇಕಾದವು. ನಾನು ವೈದ್ಯನಲ್ಲ; ಕನ್ನಡ ಪಾಠ ಹೇಳುವವನು. ಆದರೆ ಒಂದು ವಿದ್ಯೆ ಹೇಗೆ ಹುಟ್ಟಿತು, ಹೇಗೆ ಮರೆಯಾಯಿತು, ಹೇಗೆ ಮರಳಿತು ಎಂಬುದು ಚರಿತ್ರೆಯ ಪ್ರಶ್ನೆ. ಅದನ್ನು ಕೇಳಲು ವೈದ್ಯನೇ ಆಗಬೇಕೆಂದಿಲ್ಲ.

ಈ ಕಥೆ ನಮ್ಮ ದೇಶದ ನದಿಗಳಿಂದ ಆರಂಭವಾಗುತ್ತದೆಂದು ಹೇಳುವ ವಾಡಿಕೆಯಿದೆ. ಆಗ್ರಾದಲ್ಲಿ ಕೆಲಸಮಾಡುತ್ತಿದ್ದ ಅರ್ನೆಸ್ಟ್ ಹ್ಯಾಂಕಿನ್ ಎಂಬ ಆಂಗ್ಲ ವಿಜ್ಞಾನಿ 1896ರಲ್ಲಿ ಪ್ಯಾರಿಸಿನ ಪಾಸ್ಚರ್ ಸಂಸ್ಥೆಯ ಪತ್ರಿಕೆಯಲ್ಲಿ ಒಂದು ಲೇಖನ ಪ್ರಕಟಿಸಿದನು. ಗಂಗಾ ಯಮುನಾ ನದಿಗಳ ನೀರಿನಲ್ಲಿ ಕಾಲರಾ ರೋಗಾಣುಗಳನ್ನು ಬಿಟ್ಟರೆ ಕೆಲವೇ ಗಂಟೆಗಳಲ್ಲಿ ಅವು ಸಾಯುತ್ತವೆ. ಅದೇ ನೀರನ್ನು ಕುದಿಸಿ ಆರಿಸಿದರೆ ಆ ಗುಣ ಉಳಿಯುವುದಿಲ್ಲ ಎಂಬುದು ಅದರ ಸಾರಾಂಶ. ಗಂಗಾಜಲದ ಪಾವಿತ್ರ್ಯವನ್ನು ವಿಜ್ಞಾನವೇ ಒಪ್ಪಿಕೊಂಡಿತೆಂದು ಅನೇಕರು ಇದನ್ನು ಇಂದಿಗೂ ಎತ್ತಿ ಹೇಳುವುದುಂಟು. ಆದರೆ ಹ್ಯಾಂಕಿನ್ ಕಂಡದ್ದು ನಿಜವಾಗಿಯೂ ನಾವೀಗ ಹೇಳಹೊರಟ ವೈರಸ್ಸಿನ ಕೆಲಸವೇ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಸಂಶಯವಿದೆ. ಆತನ ಮೂಲ ಲೇಖನವನ್ನು ಮತ್ತೆ ಪರಿಶೀಲಿಸಿದ ಕೆಲವರು 2011ರಲ್ಲಿ ಆ ಸಂಶಯವನ್ನು ವಿವರವಾಗಿ ಮಂಡಿಸಿದ್ದಾರೆ. ಅಭಿಮಾನ ಒಳ್ಳೆಯದೇ, ಆದರೆ ಪ್ರಮಾಣಕ್ಕಿಂತ ಅದು ಮುಂದೆ ಹೋಗಬಾರದು.

ಸಂಶಯವಿಲ್ಲದ ಚರಿತ್ರೆ ಯೂರೋಪಿನಲ್ಲಿ, ಮೊದಲ ಮಹಾಯುದ್ಧದ ನಡುವೆ ತೊಡಗುತ್ತದೆ. 1915ರಲ್ಲಿ ಲಂಡನ್ನಿನ ಫ್ರೆಡರಿಕ್ ಟ್ವಾರ್ಟ್ ತಾನು ಬೆಳೆಸಿದ ಸೂಕ್ಷ್ಮಾಣುಗಳ ಗುಂಪುಗಳು ಗಾಜಿನಂತೆ ಪಾರದರ್ಶಕವಾಗಿ ಕರಗಿಹೋಗುವುದನ್ನು ಕಂಡು ವರದಿ ಮಾಡಿದನು. 1917ರಲ್ಲಿ ಪ್ಯಾರಿಸಿನ ಫೆಲಿಕ್ಸ್ ಡೆರೆಲ್, ರಕ್ತಭೇದಿಯಿಂದ ನರಳಿದ ಸೈನಿಕರ ಮಲವನ್ನು ಪರೀಕ್ಷಿಸುತ್ತಿದ್ದಾಗ, ಆ ಬೇನೆಯ ರೋಗಾಣುಗಳನ್ನು ಕರಗಿಸುವ ಒಂದು ಅದೃಶ್ಯ ಜೀವವಿದೆಯೆಂದು ಸಾರಿದನು. ಅದಕ್ಕೆ ‘ಬ್ಯಾಕ್ಟೀರಿಯೋಫೇಜ್’ ಎಂದು ಹೆಸರಿಟ್ಟವನೂ ಅವನೇ. ಇದರಲ್ಲಿನ ‘ಫೇಜ್’ ಎಂಬುದು ತಿನ್ನು ಎಂಬರ್ಥದ ಗ್ರೀಕ್ ಧಾತುವಿನಿಂದ ಬಂದದ್ದು. ಸಂಸ್ಕೃತದ ‘ಭಕ್ಷ’ ಅದಕ್ಕೆ ದಾಯಾದಿ ಎಂದು ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಹೀಗಾಗಿ ಇದನ್ನು ಅಣುಭಕ್ಷಕವೆಂದು ಕರೆದರೂ ಸಲ್ಲುವುದು. ಆದರೆ ಫೇಜ್ ಎಂಬ ಮಾತೇ ಬಳಕೆಗೆ ಬಂದಿರುವುದರಿಂದ ನಾನೂ ಹಾಗೆಯೇ ಬರೆಯುತ್ತೇನೆ.

ಫೇಜ್ ಕೆಲಸಮಾಡುವ ರೀತಿ ವಿಚಿತ್ರವಾದುದು. ಅದು ತನಗೆ ಒಗ್ಗುವ ಬ್ಯಾಕ್ಟೀರಿಯದ ಮೈಮೇಲೆ ಒಂದು ಗೊತ್ತಾದ ಜಾಗವನ್ನು ಹುಡುಕಿ ಅಲ್ಲಿ ಕೂಡುತ್ತದೆ. ತನ್ನ ವಂಶದ್ರವ್ಯವನ್ನು ಒಳಕ್ಕೆ ಇಳಿಸುತ್ತದೆ. ಆ ಬ್ಯಾಕ್ಟೀರಿಯದ ಸಾಮಗ್ರಿಯಿಂದಲೇ ತನ್ನಂಥ ಹತ್ತಾರು ನೂರಾರು ಮರಿಗಳನ್ನು ಮಾಡಿಸಿಕೊಂಡು, ಕೊನೆಗೆ ಮನೆಯ ಗೋಡೆಯನ್ನೇ ಒಡೆದು ಹೊರಬರುತ್ತದೆ. ಮನುಷ್ಯನ ಜೀವಕೋಶಗಳ ಗೊಡವೆಗೆ ಅದು ಹೋಗುವುದಿಲ್ಲ. ಒಂದು ಜಾತಿಯ ಬ್ಯಾಕ್ಟೀರಿಯವನ್ನು ಕೊಲ್ಲುವ ಫೇಜ್ ಮತ್ತೊಂದು ಜಾತಿಯನ್ನು ಮುಟ್ಟುವುದಿಲ್ಲ. ಎಷ್ಟೋ ವೇಳೆ ಅದೇ ಜಾತಿಯ ಬೇರೊಂದು ತಳಿಯನ್ನೂ ಮುಟ್ಟುವುದಿಲ್ಲ. ಇದೇ ಅದರ ಗುಣ. ಇದೇ ಅದರ ದೋಷ.

ಡೆರೆಲ್ ತಡಮಾಡಲಿಲ್ಲ. 1919ರಲ್ಲಿ ಪ್ಯಾರಿಸಿನ ಮಕ್ಕಳ ಆಸ್ಪತ್ರೆಯಲ್ಲಿ ಈ ದ್ರವವನ್ನು ಮೊದಲು ತಾನೂ ಅಲ್ಲಿಯ ವೈದ್ಯರೂ ಕುಡಿದು, ಅಪಾಯವಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆ, ರಕ್ತಭೇದಿಯಿಂದ ಬಳಲುತ್ತಿದ್ದ 12 ವರ್ಷದ ಹುಡುಗನಿಗೆ ಕೊಟ್ಟನು. ಹುಡುಗ ಕೆಲವೇ ದಿನಗಳಲ್ಲಿ ಗುಣಮುಖನಾದನು. 1920ರ ದಶಕದ ಉತ್ತರಾರ್ಧದಲ್ಲಿ ಡೆರೆಲ್ ಭಾರತಕ್ಕೂ ಬಂದು ಪಂಜಾಬಿನಲ್ಲಿ ಕಾಲರಾ ರೋಗಿಗಳ ಮೇಲೆ ಫೇಜ್ ಪ್ರಯೋಗ ನಡೆಸಿದನು. ಇಗೋರ್ ಅಶೆಷೊವ್ ಎಂಬಾತ ಪಾಟ್ನಾದಲ್ಲಿ ಫೇಜ್ ಸಂಶೋಧನೆಯ ಹೊಣೆ ಹೊತ್ತನು. ಅಸ್ಸಾಮಿನಲ್ಲಿ ಮಾರಿಸನ್ ಎಂಬ ವೈದ್ಯಾಧಿಕಾರಿ ನೌಗಾಂವ್ ಪ್ರಾಂತದ ಜನರಿಗೆ ಕಾಲರಾ ಫೇಜನ್ನು ಹಂಚಿಸಿ, ಹಂಚದೆ ಉಳಿಸಿದ ಹಬೀಬ್‌ಗಂಜ್‌ನೊಡನೆ ಹೋಲಿಸಿ ನೋಡಿದನು. ಫೇಜ್ ಹಂಚಿದಲ್ಲಿ ಕಾಲರಾ ಇಳಿಯಿತೆಂದು ವರದಿಗಳು ಬಂದವು. ಆದರೆ ಕಾಲರಾ ತಾನಾಗಿಯೇ ಏರುವ ಇಳಿಯುವ ಬೇನೆ. ಎರಡು ಊರುಗಳ ನೀರು ಬೇರೆ, ನೆಲ ಬೇರೆ. ಇಳಿದದ್ದು ಫೇಜಿನಿಂದಲೇ ಎಂದು ಆಣೆಮಾಡಿ ಹೇಳುವಂತಿರಲಿಲ್ಲ.

ಈ ತೊಡಕನ್ನು ವಿಜ್ಞಾನಿಗಳಿಗಿಂತ ಮುಂಚೆ ಒಬ್ಬ ಕಾದಂಬರಿಕಾರ ಕಂಡಿದ್ದನೆಂಬುದು ಸಾಹಿತ್ಯದ ವಿದ್ಯಾರ್ಥಿಯಾದ ನನಗೆ ವಿಶೇಷವಾಗಿ ತೋರುತ್ತದೆ. ಅಮೆರಿಕದ ಸಿಂಕ್ಲೇರ್ ಲೂಯಿಸನ ‘ಆರೋಸ್ಮಿತ್’ ಎಂಬ ಕಾದಂಬರಿ 1925ರಲ್ಲಿ ಹೊರಬಂದಿತು. ಅದರ ನಾಯಕನಾದ ವೈದ್ಯ ಪ್ಲೇಗು ಹರಡಿದ ದ್ವೀಪವೊಂದಕ್ಕೆ ಫೇಜನ್ನು ಒಯ್ಯುತ್ತಾನೆ. ಅರ್ಧ ಜನಕ್ಕೆ ಮಾತ್ರ ಕೊಟ್ಟು, ಉಳಿದರ್ಧಕ್ಕೆ ಕೊಡದೆ, ಫಲವನ್ನು ಹೋಲಿಸಿ ನೋಡಬೇಕೆಂಬುದು ಆತನ ಸಂಕಲ್ಪ. ಆದರೆ ಹೆಂಡತಿಯೇ ಪ್ಲೇಗಿಗೆ ಬಲಿಯಾದಾಗ ಆತನ ಮನಸ್ಸು ಮುರಿಯುತ್ತದೆ; ಕೇಳಿದವರಿಗೆಲ್ಲ ಔಷಧ ಹಂಚಿಬಿಡುತ್ತಾನೆ. ಪ್ಲೇಗು ಹೋಯಿತು, ಆದರೆ ಹೋದದ್ದು ಫೇಜಿನಿಂದಲೆ ಎಂಬುದು ಎಂದೆಂದಿಗೂ ತಿಳಿಯದೆ ಉಳಿಯಿತು. ಕಾದಂಬರಿಯ ಈ ದುರಂತವೇ ಮುಂದೆ ಫೇಜ್ ಚಿಕಿತ್ಸೆಯ ಚರಿತ್ರೆಯೂ ಆಯಿತು.

ಅಂದಿನ ಔಷಧ ಕಂಪನಿಗಳು ಫೇಜ್ ಸೀಸೆಗಳನ್ನು ಮಾರತೊಡಗಿದ್ದವು. ಅವುಗಳಲ್ಲಿ ಕೆಲವು ಅಶುದ್ಧ, ಕೆಲವು ನಿಸ್ಸತ್ವ. ಯಾವ ಬೇನೆಗೆ ಯಾವ ಫೇಜ್ ಎಂಬ ವಿವೇಚನೆಯಿಲ್ಲದೆ ಕೊಟ್ಟದ್ದೂ ಉಂಟು. 1934ರಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ ಈಟನ್ ಮತ್ತು ಬೇಯ್ನ್-ಜೋನ್ಸ್ ಎಂಬ ಇಬ್ಬರು ಅದುವರೆಗಿನ ವರದಿಗಳನ್ನೆಲ್ಲ ತೂಗಿ ನೋಡಿ, ಬಹುಮಟ್ಟಿಗೆ ಇದರ ಫಲ ಸಿದ್ಧವಾಗಿಲ್ಲ ಎಂದರು. ಫೇಜ್ ಎಂಬುದು ಜೀವವೋ ಬರಿಯ ರಸವೋ ಎಂಬ ಜಗಳವೂ ಆಗ ನಡೆದೇ ಇತ್ತು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಅದರ ರೂಪ ಕಂಡದ್ದು 1940ರ ಸುಮಾರಿಗೆ. ಅಷ್ಟರಲ್ಲಿ ಪೆನಿಸಿಲಿನ್ನಿನ ಸೂರ್ಯೋದಯವಾಗಿತ್ತು. ಫ್ಲೆಮಿಂಗ್ 1928ರಲ್ಲಿ ಕಂಡ ಬೂಷ್ಟಿನ ರಸವನ್ನು ಫ್ಲೋರಿ, ಚೇನ್ ಮತ್ತು ಅವರ ಸಂಗಡಿಗರು ಆಕ್ಸ್‌ಫರ್ಡಿನಲ್ಲಿ 1940ರ ಹೊತ್ತಿಗೆ ಔಷಧದ ಮಟ್ಟಕ್ಕೆ ತಂದರು. ಒಂದೇ ಸೂಜಿಮದ್ದು ಹಲವು ಬಗೆಯ ರೋಗಾಣುಗಳನ್ನು ಕೊಲ್ಲುವುದಾದರೆ, ಒಂದೊಂದು ರೋಗಾಣುವಿಗೂ ಒಂದೊಂದು ಫೇಜನ್ನು ಹುಡುಕುವ ಕಷ್ಟ ಯಾರಿಗೆ ಬೇಕು? ಪಶ್ಚಿಮದ ವೈದ್ಯರು ಫೇಜನ್ನು ಮರೆತರು.

ಮರೆಯದೆ ಇದ್ದದ್ದು ಸೋವಿಯತ್ ಒಕ್ಕೂಟದ ಜಾರ್ಜಿಯದಲ್ಲಿ. ಅಲ್ಲಿಯ ಟಿಬಿಲಿಸಿ ನಗರದಲ್ಲಿ ಗಿಯೋರ್ಗಿ ಎಲಿಯಾವ ಎಂಬ ವಿಜ್ಞಾನಿ 1923ರಲ್ಲಿ ಒಂದು ಸಂಸ್ಥೆಯನ್ನು ಕಟ್ಟಿದ್ದನು. ಆತ ಡೆರೆಲನ ಸ್ನೇಹಿತ. 1930ರ ದಶಕದಲ್ಲಿ ಡೆರೆಲ್ ಅಲ್ಲಿಗೆ ಹೋಗಿ ಆತನೊಡನೆ ಕೆಲಸ ಮಾಡಿದ್ದುಂಟು. 1937ರಲ್ಲಿ ಸ್ಟಾಲಿನ್ನನ ದಮನದ ದಿನಗಳಲ್ಲಿ ಎಲಿಯಾವನನ್ನು ಕೊಲ್ಲಲಾಯಿತು. ಸಂಸ್ಥಾಪಕ ಹೋದರೂ ಸಂಸ್ಥೆ ಉಳಿಯಿತು. ಸೈನಿಕರ ಗಾಯಗಳಿಗೆ, ಮಕ್ಕಳ ಭೇದಿಗೆ ಅಲ್ಲಿಂದ ಫೇಜ್ ಸರಬರಾಜಾಗುತ್ತಲೇ ಇತ್ತು. ಇಂದಿಗೂ ಆ ಸಂಸ್ಥೆ ಎಲಿಯಾವನ ಹೆಸರಿನಲ್ಲಿಯೇ ನಡೆಯುತ್ತಿದೆ.

ಇನ್ನು 1945ನೆಯ ಇಸವಿಗೆ ಬರೋಣ. ಆ ಒಂದು ವರ್ಷದಲ್ಲಿ ನಡೆದ ಎರಡು ಸಂಗತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ನನ್ನ ಕೋರಿಕೆ. ಮೊದಲನೆಯದು: ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಹಿಮ್ಮೆಲ್‌ವೈಟ್ ಎಂಬಾತನ ಒಂದು ಲೇಖನ ಅಚ್ಚಾಯಿತು. ಪೆನಿಸಿಲಿನ್ ಮತ್ತು ಫೇಜ್ ಎರಡನ್ನೂ ಜೊತೆಗೂಡಿಸಿ ಸ್ಟೆಫೈಲೊಕಾಕಸ್ ಎಂಬ ಕೀವಿನ ರೋಗಾಣುವಿನ ಮೇಲೆ ಬಿಟ್ಟರೆ ಏನಾಗುತ್ತದೆಂಬುದೇ ಅದರ ವಿಷಯ. ಎರಡನೆಯದು: ಆ ವರ್ಷದ ಡಿಸೆಂಬರಿನಲ್ಲಿ ನೊಬೆಲ್ ಪಾರಿತೋಷಕವನ್ನು ಸ್ವೀಕರಿಸಿ ಮಾಡಿದ ಭಾಷಣದಲ್ಲಿ ಫ್ಲೆಮಿಂಗ್ ಒಂದು ಎಚ್ಚರಿಕೆ ಕೊಟ್ಟನು. ಪೆನಿಸಿಲಿನ್ನನ್ನು ಸಾಲದ ಪ್ರಮಾಣದಲ್ಲಿ ತೆಗೆದುಕೊಂಡರೆ ರೋಗಾಣುಗಳು ಸಾಯುವುದಿಲ್ಲ. ಬದಲಾಗಿ ಅದನ್ನು ತಾಳಿಕೊಳ್ಳಲು ಕಲಿಯುತ್ತವೆ ಎಂಬುದು ಅದರ ತಾತ್ಪರ್ಯ. ಬರಲಿರುವ ಬೇನೆಯನ್ನು ಒಬ್ಬ ಹೇಳಿದನು. ಮದ್ದಿನ ಒಂದು ದಾರಿಯನ್ನು ಇನ್ನೊಬ್ಬ ತೋರಿಸಿದನು. ಜಗತ್ತು ಎರಡನ್ನೂ ಕೇಳಿಸಿಕೊಳ್ಳಲಿಲ್ಲ. ಗೆದ್ದ ಸಂಭ್ರಮದಲ್ಲಿ ಎಚ್ಚರಿಕೆಯ ಮಾತು ಯಾರಿಗೆ ಹಿಡಿಸೀತು?

ಮುಂದಿನದು ಎಲ್ಲರಿಗೂ ಗೊತ್ತಿರುವ ವಿಷಯವೇ. ಪೆನಿಸಿಲಿನ್ನಿಗೆ ಬಗ್ಗದ ಸ್ಟೆಫೈಲೊಕಾಕಸ್ ಬಂದಿತು. ಅದಕ್ಕಾಗಿ 1959ರಲ್ಲಿ ಮೆಥಿಸಿಲಿನ್ ಸಿದ್ಧವಾಯಿತು. 1961ರಲ್ಲಿ ಅದಕ್ಕೂ ಬಗ್ಗದ ತಳಿ ವರದಿಯಾಯಿತು. ಹೊಸ ಔಷಧ, ಹೊಸ ಪ್ರತಿರೋಧ. ಹೀಗೆ ಓಟ ಸಾಗಿತು. ಕ್ರಮೇಣ ಹೊಸ ಔಷಧಗಳು ಬರುವುದು ವಿರಳವಾಯಿತು, ಪ್ರತಿರೋಧ ಮಾತ್ರ ವಿರಳವಾಗಲಿಲ್ಲ. 2009ರಲ್ಲಿ ವರ್ಣಿತವಾದ ಒಂದು ಪ್ರತಿರೋಧಕ ಕಿಣ್ವಕ್ಕೆ ನಮ್ಮ ರಾಜಧಾನಿಯಾದ ನವದೆಹಲಿಯ ಹೆಸರೇ ಅಂಟಿಕೊಂಡಿತು. ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12 ಲಕ್ಷ 70 ಸಾವಿರ ಮಂದಿ ಸತ್ತರೆಂದು ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. ಹೆರಿಗೆ, ಮೂಳೆಮುರಿತದ ಶಸ್ತ್ರಚಿಕಿತ್ಸೆ, ಕ್ಯಾನ್ಸರಿನ ಉಪಚಾರ, ಇವೆಲ್ಲವೂ ಕೀವಾಗದಂತೆ ತಡೆಯುವ ಔಷಧವಿದೆಯೆಂಬ ಧೈರ್ಯದ ಮೇಲೆ ನಿಂತಿವೆ. ಆ ಧೈರ್ಯವೇ ಕುಸಿದರೆ ಆಸ್ಪತ್ರೆಯ ಕಟ್ಟಡ ಮಾತ್ರ ಉಳಿಯುತ್ತದೆ.

ಹೀಗಿರಲು, ಮರೆತ ವಿದ್ಯೆಯನ್ನು ಕೆಲವರು ಮತ್ತೆ ನೆನೆದರು. 2007ರಲ್ಲಿ ಫ್ರಾನ್ಸಿನ ಟುಲೂಸ್ ನಗರದ ಕೋಮೊ, ಕ್ರಿಶ್ ಮತ್ತು ಸಂಗಡಿಗರು ಒಂದು ಕುತೂಹಲದ ವಿಷಯವನ್ನು ಪ್ರಕಟಿಸಿದರು. ಮೂತ್ರನಾಳದ ಬೇನೆಯನ್ನು ತರುವ ಇ. ಕೋಲಿ ಬ್ಯಾಕ್ಟೀರಿಯಕ್ಕೆ ಸೆಫೋಟಾಕ್ಸಿಮ್ ಎಂಬ ಔಷಧವನ್ನು ಕೊಲ್ಲುವಷ್ಟಲ್ಲದೆ ಅಲ್ಪ ಪ್ರಮಾಣದಲ್ಲಿ ಕೊಟ್ಟಾಗ, ಅದು ಇಬ್ಭಾಗವಾಗಿ ಹೆಚ್ಚಲಾರದೆ ಉದ್ದಕ್ಕೆ ದಾರದಂತೆ ಬೆಳೆಯುತ್ತದೆ. ಅಂಥ ಬ್ಯಾಕ್ಟೀರಿಯದಲ್ಲಿ ಒಂದು ಫೇಜಿನ ಸಂತಾನ ಏಳು ಪಟ್ಟಿಗೂ ಮೀರಿ ಹೆಚ್ಚಿತು. ಔಷಧ ಫೇಜಿಗೆ ಅಡ್ಡಿ ಮಾಡಲಿಲ್ಲ. ಅದಕ್ಕೆ ಬಾಣಂತಿತನ ಮಾಡಿತು. ಎರಡು ಮದ್ದುಗಳ ಫಲ ಕೂಡಿದ್ದಲ್ಲ, ಗುಣಿಸಿದ್ದು.

ಇದಕ್ಕಿಂತಲೂ ಸ್ವಾರಸ್ಯವಾದದ್ದು ಅಮೆರಿಕದ ಯೇಲ್ ವಿಶ್ವವಿದ್ಯಾನಿಲಯದವರು ಕಂಡ ವಿಷಯ. ಅದನ್ನು ಅರಿಯಲು ಒಂದು ಕೋಟೆಯನ್ನು ಕಲ್ಪಿಸಿಕೊಳ್ಳೋಣ. ಚಿತ್ರದುರ್ಗದ ಕಿಂಡಿಯ ಕಥೆಯನ್ನು ಕೇಳದ ಕನ್ನಡಿಗರಿಲ್ಲ. ಅಂಥದೇ ಒಂದು ಕಿಂಡಿ ನಮ್ಮ ಕಲ್ಪನೆಯ ಕೋಟೆಗೂ ಇದೆ. ವೈರಿಗಳು ಕೋಟೆಯೊಳಕ್ಕೆ ಹೊಗೆ ಹಾಕಿದರೆ ಅದು ಆ ಕಿಂಡಿಯಿಂದಲೇ ಹೊರಹೋಗಬೇಕು. ಆದರೆ ಹೊಗೆ ಹೋಗುವ ಕಿಂಡಿಯಲ್ಲಿ ವೈರಿ ಸೈನಿಕನೂ ನುಸುಳಿ ಬರಬಹುದು. ಕಿಂಡಿಯನ್ನು ತೆರೆದಿಟ್ಟರೆ ಸೈನಿಕ ಒಳಕ್ಕೆ ಬರುತ್ತಾನೆ. ಮುಚ್ಚಿದರೆ ಒಳಗಿನವರು ಹೊಗೆಯಲ್ಲಿ ಉಸಿರುಕಟ್ಟಿ ಸಾಯುತ್ತಾರೆ.

ಸ್ಯೂಡೊಮೋನಾಸ್ ಎಂಬ ಹಟಮಾರಿ ಬ್ಯಾಕ್ಟೀರಿಯದ ಸ್ಥಿತಿ ಸರಿಯಾಗಿ ಇಂಥದು. ಒಳಕ್ಕೆ ಬಂದ ಔಷಧವನ್ನು ಹೊರಕ್ಕೆ ದೂಡುವ ಪಂಪುಗಳು ಅದರ ಮೈಯಲ್ಲಿವೆ; ಔಷಧಕ್ಕೆ ಅದು ಬಗ್ಗದಿರಲು ಇದೊಂದು ಮುಖ್ಯ ಕಾರಣ. ಯೇಲ್‌ನ ಬೆಂಜಮಿನ್ ಚಾನ್, ಪಾಲ್ ಟರ್ನರ್ ಮೊದಲಾದವರು ಕನೆಕ್ಟಿಕಟ್ ರಾಜ್ಯದ ಡಾಡ್ಜ್ ಪಾಂಡ್ ಎಂಬ ಕೊಳದ ನೀರಿನಲ್ಲಿ ದೊರೆತ ಒಂದು ಫೇಜನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದರು. ಬ್ಯಾಕ್ಟೀರಿಯದ ಮೈಮೇಲೆ ಆ ಫೇಜ್ ಹಿಡಿಯುವ ಜಾಗ ಆ ಪಂಪಿನ ಹೊರಬಾಯಿಯೇ ಎಂದು ಅವರು ಕಂಡರು. ಫೇಜಿನಿಂದ ತಪ್ಪಿಸಿಕೊಳ್ಳಲು ಬ್ಯಾಕ್ಟೀರಿಯ ಪಂಪನ್ನು ಮಾರ್ಪಡಿಸಿಕೊಂಡರೆ, ಹಿಂದೆ ನಾಟದೆ ಹೋದ ಔಷಧ ಮತ್ತೆ ನಾಟುತ್ತದೆ. ಪಂಪನ್ನು ಉಳಿಸಿಕೊಂಡರೆ ಫೇಜ್ ಅದನ್ನು ತಿನ್ನುತ್ತದೆ. ನಾನು ಮೊದಲಿಗೆ ಹೇಳಿದ ‘ಅತ್ತ ದರಿ, ಇತ್ತ ಪುಲಿ’ ಇದೇ. ರೋಗಾಣು ಪ್ರತಿರೋಧವನ್ನು ಕಲಿಯದಂತೆ ತಡೆಯಲು ನಾವು ಇದುವರೆಗೆ ಹೆಣಗಿದೆವು. ಇಲ್ಲಿಯಾದರೋ ಕಲಿತರೂ ಸೋಲು, ಕಲಿಯದಿದ್ದರೂ ಸೋಲು. ಎದೆಯ ಮಹಾಧಮನಿಗೆ ಹಾಕಿದ ಕೃತಕ ನಾಳದಲ್ಲಿ ಈ ಬ್ಯಾಕ್ಟೀರಿಯ ಬೇರೂರಿ ವರ್ಷಗಟ್ಟಲೆ ನರಳುತ್ತಿದ್ದ ಒಬ್ಬ ವೃದ್ಧರಿಗೆ ಈ ಫೇಜನ್ನು ಸೆಫ್ಟಾಜಿಡಿಮ್ ಎಂಬ ಔಷಧದೊಡನೆ ಕೊಡಲಾಯಿತು. ಸೋಂಕು ವಾಸಿಯಾದಂತೆ ಕಂಡಿತೆಂದೂ ಮತ್ತೆ ಮರುಕಳಿಸಲಿಲ್ಲವೆಂದೂ 2018ರಲ್ಲಿ ವರದಿ ಬಂದಿತು.

ಅದೇ ಕಾಲದಲ್ಲಿ ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೊದಲ್ಲಿ ಮತ್ತೊಂದು ಪ್ರಸಂಗ ನಡೆಯಿತು. ಅಲ್ಲಿಯ ಪ್ರಾಧ್ಯಾಪಕ ಟಾಮ್ ಪ್ಯಾಟರ್ಸನ್ 2015ರ ಕೊನೆಯಲ್ಲಿ ಈಜಿಪ್ಟಿನ ಪ್ರವಾಸದಲ್ಲಿದ್ದಾಗ ಕಾಯಿಲೆ ಬಿದ್ದರು. ಎಸಿನೆಟೊಬ್ಯಾಕ್ಟರ್ ಎಂಬ ರೋಗಾಣು ಯಾವ ಔಷಧಕ್ಕೂ ಬಗ್ಗಲಿಲ್ಲ. ಸಾಂಕ್ರಾಮಿಕ ರೋಗಗಳ ವಿದ್ವಾಂಸರಾದ ಅವರ ಪತ್ನಿ ಸ್ಟೆಫನಿ ಸ್ಟ್ರಾತ್‌ಡೀ ಹಳೆಯ ಸಂಶೋಧನೆಗಳನ್ನು ಕೆದಕಿ, ಫೇಜ್ ಬಲ್ಲವರಿಗೆಲ್ಲ ಪತ್ರ ಬರೆದರು. ಟೆಕ್ಸಸಿನ ಒಂದು ವಿಶ್ವವಿದ್ಯಾನಿಲಯವೂ ಅಮೆರಿಕದ ನೌಕಾಪಡೆಯ ಪ್ರಯೋಗಾಲಯವೂ ಫೇಜ್‌ಗಳನ್ನು ಹುಡುಕಿ ಕೊಟ್ಟವು. 2016ರ ಮಾರ್ಚಿನಲ್ಲಿ ಚಿಕಿತ್ಸೆ ಆರಂಭವಾಗಿ, ಕೋಮಾದಲ್ಲಿದ್ದ ರೋಗಿ ಕೆಲವು ದಿನಗಳಲ್ಲಿ ಕಣ್ಣು ತೆರೆದರು. ರೋಗಾಣು ಸುಮ್ಮನೆ ಸೋಲೊಪ್ಪಲಿಲ್ಲ; ಫೇಜಿಗೂ ಪ್ರತಿರೋಧ ಬೆಳೆಸಿಕೊಂಡಿತು. ಆಗ ಬೇರೆ ಫೇಜನ್ನು ಹುಡುಕಬೇಕಾಯಿತು. ಮಿನೊಸೈಕ್ಲಿನ್ ಎಂಬ ಔಷಧವನ್ನೂ ಜೊತೆಗೆ ನಡೆಸಿದರು. ಪ್ಯಾಟರ್ಸನ್ ಬದುಕಿದರು. 2019ರಲ್ಲಿ ದಂಪತಿಗಳು ತಮ್ಮ ಅನುಭವವನ್ನು ಪುಸ್ತಕವಾಗಿ ಬರೆದರು.

ಇಂಥ ಕಥೆಗಳನ್ನು ಕೇಳಿದಾಗ ಮನಸ್ಸು ಹಾರುತ್ತದೆ. ಹಾರುವ ಮನಸ್ಸಿಗೆ ಲಗಾಮು ಹಾಕುವುದೂ ಚರಿತ್ರೆಯ ಕೆಲಸವೇ. ಎಲ್ಲ ಔಷಧಗಳೂ ಎಲ್ಲ ಫೇಜ್‌ಗಳಿಗೂ ಹೊಂದುವುದಿಲ್ಲ. ಫೇಜ್ ಮರಿಮಾಡುವುದು ಬ್ಯಾಕ್ಟೀರಿಯದ ಯಂತ್ರಗಳಿಂದ. ಆ ಯಂತ್ರಗಳನ್ನೇ ನಿಲ್ಲಿಸುವ ಔಷಧವನ್ನು ಕೊಟ್ಟರೆ ಫೇಜಿನ ಕೆಲಸವೂ ನಿಂತೀತು. ಯಾವುದರೊಡನೆ ಯಾವುದು, ಎಷ್ಟು, ಯಾವುದು ಮೊದಲು ಎಂಬುದನ್ನು ಪ್ರತಿ ಸಂದರ್ಭದಲ್ಲಿಯೂ ಪರೀಕ್ಷಿಸಬೇಕು. ಯೂರೋಪಿನಲ್ಲಿ ಸುಟ್ಟಗಾಯದ ರೋಗಿಗಳ ಮೇಲೆ ಕ್ರಮವಾಗಿ ನಡೆಸಿದ ಒಂದು ಪರೀಕ್ಷೆಯ ಫಲ 2019ರಲ್ಲಿ ಪ್ರಕಟವಾಯಿತು. ಅದರಲ್ಲಿ ಫೇಜ್ ವಾಡಿಕೆಯ ಮುಲಾಮಿಗಿಂತ ಹಿಂದೆ ಬಿದ್ದಿತು. ಉದ್ದೇಶಿಸಿದ್ದಕ್ಕಿಂತ ತೀರ ಕಡಮೆ ಫೇಜ್ ರೋಗಿಗಳಿಗೆ ದೊರೆತಿತ್ತೆಂದು ಆಮೇಲೆ ತಿಳಿಯಿತು. 1930ರ ದಶಕದ ನಿಸ್ಸತ್ವ ಸೀಸೆಗಳ ಭೂತ ಇನ್ನೂ ಹೋಗಿಲ್ಲವೆಂದಾಯಿತು.

ಆದರೂ ಬೆಲ್ಜಿಯಂ ದೇಶದಿಂದ 2024ರಲ್ಲಿ ಬಂದ ವರದಿಯೊಂದು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟಿದೆ. ಬ್ರಸೆಲ್ಸಿನ ಸೇನಾ ಆಸ್ಪತ್ರೆಯವರು ಹಲವು ದೇಶಗಳ ವೈದ್ಯರೊಡನೆ ಕೂಡಿ, ಫೇಜ್ ಚಿಕಿತ್ಸೆ ಪಡೆದ ಮೊದಲ 100 ಪ್ರಸಂಗಗಳನ್ನು ಲೆಕ್ಕಹಾಕಿದರು. ಅವುಗಳಲ್ಲಿ ಸುಮಾರು 77ರಲ್ಲಿ ರೋಗಿಯ ಸ್ಥಿತಿ ಸುಧಾರಿಸಿತ್ತು. ಸುಮಾರು 61ರಲ್ಲಿ ಆ ಬ್ಯಾಕ್ಟೀರಿಯ ನಿರ್ಮೂಲವಾಗಿತ್ತು. ಪ್ರತಿಜೈವಿಕ ಔಷಧವನ್ನು ಜೊತೆಗೆ ಕೊಡದಿದ್ದಲ್ಲಿ ನಿರ್ಮೂಲನದ ಸಂಭವ ನೂರಕ್ಕೆ 70ರಷ್ಟು ಕಡಮೆಯಾಗಿತ್ತು. ಇದು ಕೊಟ್ಟವರನ್ನೂ ಕೊಡದವರನ್ನೂ ಮೊದಲೇ ವಿಂಗಡಿಸಿ ಹೋಲಿಸಿದ ಪರೀಕ್ಷೆಯಲ್ಲ; ಆರೋಸ್ಮಿತನ ಸಂಕಟ ಇಲ್ಲಿಯೂ ಇದೆ. ಆದರೂ 1945ರಲ್ಲಿ ಹಿಮ್ಮೆಲ್‌ವೈಟ್ ಇಟ್ಟ ಹೆಜ್ಜೆ ಸರಿಯಾದ ದಿಕ್ಕಿನಲ್ಲಿತ್ತೆಂದು ಇದರಿಂದ ಊಹಿಸಬಹುದು.

ನಮ್ಮ ಬೆಂಗಳೂರಿಗೂ ಈ ಚರಿತ್ರೆಯಲ್ಲಿ ಒಂದು ಸಾಲು ಉಂಟು. ಹೆಸರಿನಲ್ಲಿಯೇ ಗಂಗೆಯನ್ನು ಇಟ್ಟುಕೊಂಡ ಗಂಗಾಜೆನ್ ಎಂಬ ಸಂಸ್ಥೆಯ ವಿಜ್ಞಾನಿಗಳು ಇಡೀ ಫೇಜಿಗೆ ಬದಲಾಗಿ, ಬ್ಯಾಕ್ಟೀರಿಯದ ಗೋಡೆಯನ್ನು ಒಡೆಯಲು ಫೇಜ್ ಬಳಸುವ ಪ್ರೋಟೀನಿನಿಂದ ಸ್ಟೆಫೈಲೊಕಾಕಸ್ಸನ್ನು ಕೊಲ್ಲುವ ಪಿ128 ಎಂಬ ವಸ್ತುವನ್ನು ರೂಪಿಸಿದರು. ವಾಡಿಕೆಯ ಔಷಧಗಳೊಡನೆ ಕೂಡಿಸಿದಾಗ ಅದರ ಫಲ ಹೆಚ್ಚುವುದನ್ನು ಪ್ರಯೋಗಾಲಯದಲ್ಲಿ ತೋರಿಸಿದರು.

ಇಷ್ಟನ್ನೂ ಓದಿದವರು, ಇದರಿಂದ ನಮಗೇನು ಎಂದು ಕೇಳಬಹುದು. ಫೇಜ್ ಎಂಬುದು ನಾಳೆಯೇ ನಮ್ಮ ಬೀದಿಯ ಔಷಧದ ಅಂಗಡಿಗೆ ಬರುವ ವಸ್ತುವಲ್ಲ. ಬಂದರೂ ಅದು ಒಂಟಿಯಾಗಿ ಗೆಲ್ಲುವ ವೀರನಲ್ಲ. ಅದರ ಪಕ್ಕದಲ್ಲಿ ನಿಲ್ಲಲು ಇನ್ನೂ ಸತ್ವ ಉಳಿದಿರುವ ಒಂದು ಪ್ರತಿಜೈವಿಕ ಔಷಧ ಬೇಕು. ಹುಲಿಯೊಂದಿದ್ದರೆ ಸಾಲದು, ದರಿಯೂ ಇರಬೇಕು. ಆ ದರಿಯನ್ನು ದಿನವೂ ಒಂದೊಂದು ಬುಟ್ಟಿ ಮಣ್ಣು ಹಾಕಿ ಮುಚ್ಚುತ್ತಿರುವವರು ನಾವೇ. ನೆಗಡಿ ಬಂದರೆ ವೈದ್ಯರ ಚೀಟಿಯಿಲ್ಲದೆ ಅಂಗಡಿಯಿಂದ ನಾಲ್ಕು ಗುಳಿಗೆ ತರುವುದು, ನೆಗಡಿ ವೈರಸ್ಸಿನದೆಂದೂ ಆ ಗುಳಿಗೆ ಅದನ್ನು ಮುಟ್ಟದೆಂದೂ ಅರಿಯದೆ ನುಂಗುವುದು, ಉಳಿದೆರಡನ್ನು ಮುಂದಿನ ಸಲಕ್ಕೆಂದು ಡಬ್ಬಿಯಲ್ಲಿಡುವುದು, ಇವೆಲ್ಲ ನಮ್ಮ ಮನೆಮನೆಗಳಲ್ಲಿ ನಡೆಯುವ ಸಂಗತಿಗಳು. ಪ್ರಬಲವಾದ ಅನೇಕ ಔಷಧಗಳನ್ನು ಚೀಟಿಯಿಲ್ಲದೆ ಮಾರಬಾರದೆಂದೂ, ಮಾರಿದ್ದನ್ನು ಪುಸ್ತಕದಲ್ಲಿ ಬರೆದಿಡಬೇಕೆಂದೂ 2014ರಿಂದ ನಮ್ಮಲ್ಲಿ ನಿಯಮವಿದೆ. ನಿಯಮವನ್ನು ಸರಕಾರ ಮಾಡಬಹುದು. ಕೇಳದೆ ಇರುವ ಸಂಯಮವನ್ನು ಕೊಳ್ಳುವವನೇ ತರಬೇಕು. ಡಬ್ಬಿಯಲ್ಲಿ ಉಳಿದಿರುವ ಆ ಎರಡು ಗುಳಿಗೆಗಳನ್ನು ಇನ್ನು ಮುಂದೆ ಉಳಿಯದಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ.